ತಾತ್ಕಾಲಿಕವಾಗಿ ದೂರ

ಫೆಬ್ರವರಿ 2, ಭಾನುವಾರ

ಇವತ್ತು ಅಪ್ಪನ ಮನೆಯಲ್ಲಿ ತೆರಿಗೆ ಭಾನುವಾರ. ಚರ್ಚಿನಿಂದ ಬಂದವರೇ ಅಡುಗೆಮನೆಯ ಮೇಜಿನ ಮೇಲೆ ಆ ಹಳೇ ಕಂಪ್ಯೂಟರ್ ತಂದಿಟ್ಟಿರುತ್ತಾರೆ. ಪಕ್ಕದಲ್ಲಿ ಕಾಫಿ, ಅಮ್ಮ ಬೆಳಿಗ್ಗೆ ಬೇಯಿಸಿದ ಏಲಕ್ಕಿ ಬ್ರೆಡ್ಡು. ಅಣ್ಣ ಈನೊ, ವೆರ್ನಾ ಅತ್ತೆ, ಎಲ್ಲರೂ ತಮ್ಮ ತಮ್ಮ ಮನೆಯಿಂದ ವರ್ಷದ ಕಾಗದಗಳನ್ನು ತಂದು ಸುರಿಯುತ್ತಾರೆ. ಅಪ್ಪ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಎಲ್ಲರ ರಿಟರ್ನ್ ತುಂಬಿ ಕಳಿಸುತ್ತಾರೆ. ಹದಿನಾರಕ್ಕೆ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ನನ್ನದೂ ಆ ಮೇಜಿನ ಮೇಲೇ ಆಗುತ್ತಿದ್ದದ್ದು.

ಈ ಸಲ ಹೋಗಲಿಲ್ಲ. ಮಗಳು ಹೆಲ್ಮಿಗೆ ಕೆಮ್ಮು ಅಂತ ಫೋನಿನಲ್ಲಿ ಹೇಳಿದೆ. ಹೆಲ್ಮಿ ಕೆಮ್ಮಿಯೇ ಇಲ್ಲ. ಕೆಳಗೆ ಮನೆ ಮಾಲಕಿ ಡೋನಾಳ ನಾಯಿಗಳು ಬೊಗಳಿದರೆ ಇವಳು ಇಲ್ಲಿ ಕುರ್ಚಿ ಹಿಡಿದು ನಿಂತು ಅವಕ್ಕೆ ಉತ್ತರ ಕೊಡುತ್ತಿದ್ದಾಳೆ. ಮಗುವಿನ ಮೈಮೇಲೆ ಸುಳ್ಳು ಹೇಳಬಾರದು, ಹೇಳಿದರೆ ನಿಜವಾಗುತ್ತದೆ ಅಂತ ಅಜ್ಜಿ ಅನ್ನುತ್ತಿದ್ದಳು. ಫೋನ್ ಇಟ್ಟಾಗಿನಿಂದ ಎಷ್ಟು ಸಲ ಅವಳ ಹಣೆ ಮುಟ್ಟಿ ನೋಡಿದೆನೋ.

ಕಾಲೇಜಿನ ವಿದ್ಯಾರ್ಥಿ ನೆರವು ಕಚೇರಿಯ ಹೆಂಗಸು ಹೇಳಿದ್ದಕ್ಕೆ ಇಷ್ಟೆಲ್ಲ. ನನ್ನ ಲ್ಯಾಬ್ ಕೋರ್ಸಿಗೆ ಇನ್ನೊಂದೇ ವರ್ಷ ಬಾಕಿ. ಅಪ್ಪ ಅಮ್ಮನ ಮಗಳು ಅಂತ ಅರ್ಜಿ ಹಾಕಿದರೆ ಅವರ ಸಂಬಳವೂ ಲೆಕ್ಕಕ್ಕೆ ಬರುತ್ತದೆ, ನೆರವು ಸಿಗುವುದಿಲ್ಲ. ನನ್ನ ಮಗುವನ್ನು ನಾನೇ ಸಾಕುತ್ತಿದ್ದೇನೆ ಅಂತಾದರೆ ನಾನು ಸ್ವತಂತ್ರಳು, ನೆರವು ಸಿಗುತ್ತದೆ. ಹಾಗಿದ್ದರೆ ತೆರಿಗೆಯಲ್ಲೂ ಹಾಗೇ ಇರಬೇಕಲ್ಲಮ್ಮ, ಅಲ್ಲೊಂದು ಇಲ್ಲೊಂದು ಆಗಬಾರದು ಅಂದರು. ತಲೆಯಾಡಿಸಿ ಬಂದೆ. ಅಪ್ಪನಿಗೆ ಹೇಳುವ ಧೈರ್ಯ ಸಾಲಲಿಲ್ಲ.

ನಾನೇ ತುಂಬಿ ಕಳಿಸಿಬಿಟ್ಟರೆ ಅವರಿಗೆ ಗೊತ್ತೇ ಆಗದೆ ಇರಬಹುದು.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಹೆಲ್ಮಿಯನ್ನು ಕಾಲೇಜಿನ ಶಿಶುವಿಹಾರಕ್ಕೆ ಬಿಟ್ಟು, ಕಾರಿನಲ್ಲೇ ಕೂತು, ಫೋನಿನಿಂದ ರಿಟರ್ನ್ ಕಳಿಸಿದೆ. ನಾನು ಬ್ರೀಟಾ ರೌಟಿಯೊ, ನನ್ನ ಅವಲಂಬಿತೆ ಹೆಲ್ಮಿ. ಅಷ್ಟು ಬರೆಯುವುದರಲ್ಲಿ ಕಾರಿನ ಗಾಜೆಲ್ಲ ನನ್ನ ಉಸಿರಿಗೆ ಮಬ್ಬಾಗಿತ್ತು.

ಮಧ್ಯಾಹ್ನ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಒಬ್ಬ ಮುದುಕರ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯಲು ನರ ಹುಡುಕುತ್ತಿದ್ದಾಗ ಜೇಬಲ್ಲಿ ಫೋನ್ ಅದುರಿತು. ಕೈ ನಡುಗಲಿಲ್ಲ, ಬೇರೆಯವರ ನರದ ಮುಂದೆ ನನ್ನ ಕೈ ಯಾವತ್ತೂ ನಡುಗುವುದಿಲ್ಲ. ಆಮೇಲೆ ಓದಿದೆ. ರಿಟರ್ನ್ ತಿರಸ್ಕೃತವಾಗಿದೆ. ನನ್ನ ಗುರುತಿನ ಸಂಖ್ಯೆ, ಮಗುವಿನ ಸಂಖ್ಯೆ, ಎರಡೂ ಈಗಾಗಲೇ ಬೇರೊಬ್ಬರ ರಿಟರ್ನ್‌ನಲ್ಲಿವೆ.

ಬೇರೊಬ್ಬರ.

ಮಕ್ಕಳ ಸಂಖ್ಯೆ ಕದಿಯುವ ಜನ ಇದ್ದಾರಂತೆ, ಸುದ್ದಿಯಲ್ಲಿ ನೋಡಿದ್ದೆ. ನನ್ನ ಒಂದು ವರ್ಷದ ಮಗುವಿನ ಹೆಸರಲ್ಲಿ ಯಾರೋ ಎಲ್ಲೋ ಮನೆ ಕೊಂಡಿರಬಹುದು, ಸಾಲ ಎತ್ತಿರಬಹುದು, ಅವಳು ದೊಡ್ಡವಳಾಗುವ ಹೊತ್ತಿಗೆ ಪೊಲೀಸರು ಬರಬಹುದು. ಹಾಸಿಗೆಬಟ್ಟೆ ಇಡುವ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೆದರಿಕೆಯಾದಾಗ ಯಾರಿಗೆ ಫೋನ್ ಮಾಡುತ್ತೇನೋ ಅವರಿಗೇ ಮಾಡಿದೆ.

ಅಪ್ಪ ಹಿಮ ಸರಿಸುವ ಲಾರಿಯಲ್ಲಿದ್ದರು. ಹಿಂದೆ ರೇಡಿಯೊ ಗೊರಗೊರ ಅನ್ನುತ್ತಿತ್ತು. ಯಾರೋ ಕಳ್ಳ ಅಪ್ಪ ಅಂತ ಅಳುತ್ತಾ ಹೇಳಿದೆ.

"ಕಳ್ಳನೂ ಇಲ್ಲ ಗಿಳ್ಳನೂ ಇಲ್ಲ," ಅಂದರು. "ನಾನೇ ಕಣೇ ಹಾಕಿದ್ದು. ಭಾನುವಾರ ನೀನು ಬರ್ಲಿಲ್ಲವಲ್ಲ, ನಿಂದೂ ಮಗುವಿಂದೂ ನನ್ನದರಲ್ಲೇ ಸೇರ್ಸಿ ಮುಗಿಸ್ದೆ. ಕೆಮ್ಮು ಹೇಗಿದೆ?"

ಕಡಿಮೆಯಾಗಿದೆ ಅಂದೆ. ಥ್ಯಾಂಕ್ಸ್ ಅಪ್ಪ ಅಂತಲೂ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಫೆಬ್ರವರಿ 8, ಶನಿವಾರ

ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ದೊಡ್ಡಮ್ಮನ ಮಗಳು ಶೆಲ್ಲಿ ಬರುತ್ತಾಳೆ. ಶೆಲ್ಲಿಯ ಮಗ ಈಗ ಅವಳ ಅಮ್ಮನ ಹತ್ತಿರ ಬೆಳೆಯುತ್ತಿದ್ದಾನೆ, ಜಡ್ಜ್ ಕೊಟ್ಟಿದ್ದು. ಅದೂ ಹೀಗೇ ಶುರುವಾಗಿತ್ತು: ಸ್ವಲ್ಪ ದಿನ ಬಿಟ್ಟಿರು, ನೀನು ಸುಧಾರಿಸಿಕೋ. ಆಮೇಲೆ ಹುಡುಗ ಇಷ್ಟು ದಿನ ಅಜ್ಜಿಯ ಮನೆಯಲ್ಲೇ ಇದ್ದ ಅಂತ ಕಾಗದಗಳೆಲ್ಲ ಹೇಳಿದವು. ಶೆಲ್ಲಿ ಕುಡಿಯುತ್ತಿದ್ದಳು, ನಿಜ. ನಾನು ಕುಡಿಯುವುದಿಲ್ಲ. ಆದರೆ ಹೋದ ನವೆಂಬರಿನಲ್ಲಿ ಮೂರು ದಿನ ಹಾಸಿಗೆ ಬಿಟ್ಟು ಏಳಲಾಗದೆ ಅತ್ತಿದ್ದೆ. ಅದನ್ನು ಅಮ್ಮ ನೋಡಿದ್ದಾಳೆ. ಮಗೂನ ನಮ್ಮ ಹತ್ರ ಬಿಡು ಅಂತ ಆಗಲೂ ಅಂದಿದ್ದಳು.

ಈಗ ಸರ್ಕಾರದ ಹತ್ತಿರ ಒಂದು ರಿಟರ್ನ್ ಇದೆ. ಹೆಲ್ಮಿ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಡೇಲ್ ರೌಟಿಯೊ ಅವರ ಮನೆಯಲ್ಲಿ ವಾಸವಿದ್ದಳು ಅಂತ ಅದು ಹೇಳುತ್ತದೆ. ಕೆಳಗೆ ಅಪ್ಪನ ಸಹಿ.

ಹೆಲ್ಮಿಯ ಅಪ್ಪ ಟ್ರೆವರ್‌ಗೆ ಹೇಳಿ ಏನು ಪ್ರಯೋಜನ. ಅವನು ಅದಿರು ಸಾಗಿಸುವ ಹಡಗಿನ ಕೆಲಸದವನು, ಮಗುವಿನ ಫೋಟೋ ಕಳಿಸಿದರೆ ಹೆಬ್ಬೆರಳು ಎತ್ತಿದ ಚಿತ್ರ ಕಳಿಸುತ್ತಾನೆ. ಅಪ್ಪ ಅನ್ನಿಸಿಕೊಂಡಿದ್ದಕ್ಕೆ ಅವನು ಕಟ್ಟುವ ತೆರಿಗೆ ಅಷ್ಟೇ.

ಸೌನಾಕ್ಕೆ, ಶನಿವಾರದ ಹಬೆ ಸ್ನಾನಕ್ಕೆ, ಬಾ ಅಂತ ಅಮ್ಮ ಫೋನ್ ಮಾಡಿದಳು. ಹೋಗಲಿಲ್ಲ. ಕೆಮ್ಮು ಅಂದೆ, ಮತ್ತೆ.

ಫೆಬ್ರವರಿ 11, ಮಂಗಳವಾರ

ಲೈಬ್ರರಿಯ ನೆಲಮಾಳಿಗೆಯಲ್ಲಿ ವಾರಕ್ಕೆರಡು ದಿನ ಉಚಿತವಾಗಿ ತೆರಿಗೆ ಸಲಹೆ ಕೊಡುತ್ತಾರೆ. ಹೋದರೆ ಅಲ್ಲಿ ವೆಂಡೆಲ್ ಮಾಸ್ತರರು. ಏಳನೇ ಕ್ಲಾಸಿನಲ್ಲಿ ನನಗೆ ಕ್ಲಾರಿನೆಟ್ ಊದುವುದನ್ನು ಕಲಿಸಲು ನೋಡಿ ಸೋತವರು. ತಿರುಗಿ ಓಡೋಣ ಅನ್ನಿಸಿತು. ಊರಲ್ಲಿ ಅಪ್ಪನನ್ನು ತಿಳಿಯದವರಿಲ್ಲ.

"ಬಾರಮ್ಮ," ಅಂದರು. "ಇಲ್ಲಿ ಯಾರೂ ಊದು ಅನ್ನಲ್ಲ."

ಯಾರ ಸಂಬಳ ಜಾಸ್ತಿಯೋ ಅವರಿಗೇ ಮಗು ಅಂತ ಮೊದಲು ಧೈರ್ಯವಾಗಿ ಹೇಳಿಬಿಟ್ಟರು. ಆಮೇಲೆ ದಪ್ಪ ಪುಸ್ತಕ ತಿರುವಿ, ಕನ್ನಡಕ ಒರೆಸಿ, ಅಯ್ಯೋ ತಪ್ಪು ಹೇಳಿದೆ, ಎರಡು ಕಡೆಯೂ ಹಕ್ಕಿದ್ದರೆ ಮಗು ತಾಯಿಯದೇ ಅಂದರು. ನಂತರ ಇನ್ನೊಂದು ಪುಟ ತೆಗೆದು, ಆದರೆ ಅಂದರು. ಆ ತಾಯಿಯೇ ಇನ್ನೊಬ್ಬರ ಅವಲಂಬಿತೆಯಾಗಿದ್ದರೆ ಅವಳು ತನ್ನ ರಿಟರ್ನ್‌ನಲ್ಲಿ ಯಾರನ್ನೂ ತೋರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಮೊದಲು ನಾನು ಯಾರವಳು ಅನ್ನುವುದು ತೀರ್ಮಾನವಾಗಬೇಕು.

ನಾನು ಕಳೆದ ವಸಂತದಲ್ಲಿ, ಹಿಮ ಕರಗುವಾಗ ಮನೆ ಬಿಟ್ಟದ್ದು, ಆಮೇಲೆ ಡೋನಾಳ ಮಹಡಿಯಲ್ಲೇ ಇರುವುದು, ಎಲ್ಲ ಹೇಳಿದೆ. ಹಾಗಾದರೆ ಸುಲಭ ಅಲ್ಲವಾ ಅಂದೆ. ಅಲ್ಲ ಅಂದರು. ಓದಲು ಹೋದ ಮಗ ಅಥವಾ ಮಗಳು ತಾತ್ಕಾಲಿಕವಾಗಿ ದೂರ ಇದ್ದರೆ, ಕಾನೂನಿನ ಕಣ್ಣಿಗೆ ಅವರು ಇನ್ನೂ ಅಪ್ಪನ ಮನೆಯಲ್ಲೇ ಇದ್ದ ಹಾಗೆ. ಅವರ ಜೊತೆಗಿರುವ ಮಗುವೂ ಹಾಗೇ. ಓದು ಮುಗಿದ ಮೇಲೆ ವಾಪಸ್ ಬರುವವರೋ, ಇಲ್ಲವೋ ಅನ್ನುವುದು ಮುಖ್ಯ.

"ಅದಕ್ಕೆ ಕೇಳ್ತೀನಿ," ಅಂದರು ಮಾಸ್ತರರು. "ನೀನು ಹೋಗಿರೋದು ಸದ್ಯಕ್ಕೋ, ಪೂರ್ತಿಗೋ?"

ಸುತ್ತ ಮೂರು ನಾಲ್ಕು ಮೇಜು, ಮುದುಕ ಮುದುಕಿಯರು, ಯಾರೋ ಕೆಮ್ಮುತ್ತಿದ್ದರು. ಅಮ್ಮನನ್ನು ಕೇಳಿ ಹೇಳುತ್ತೇನೆ ಅಂದುಬಿಟ್ಟೆ.

ಮಾಸ್ತರರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕೊನೆಗೆ ಇಷ್ಟು ಹೇಳಿ ಕಳಿಸಿದರು: ಪೂರ್ತಿಗೆ ಅಂತಾದರೆ ಇದನ್ನು ಕಾಗದದ ಮೇಲೆ ಮುದ್ರಿಸಿ ಅಂಚೆಯಲ್ಲಿ ಕಳಿಸು. ಕಂಪ್ಯೂಟರ್ ಒಪ್ಪದಿದ್ದರೂ ಅಂಚೆ ಒಪ್ಪುತ್ತದೆ. ಆಮೇಲೆ ಇಲಾಖೆಯಿಂದ ನಿನಗೂ ನಿನ್ನ ಅಪ್ಪನಿಗೂ ಪತ್ರ ಬರುತ್ತದೆ. ಇಬ್ಬರಲ್ಲಿ ಒಬ್ಬರು ತಿದ್ದಿಕೊಳ್ಳಬೇಕು. ಯಾರೂ ತಿದ್ದಿಕೊಳ್ಳದಿದ್ದರೆ ಇಬ್ಬರನ್ನೂ ವಿಚಾರಿಸುತ್ತಾರೆ.

ಅಪ್ಪನಿಗೆ ಸರ್ಕಾರದಿಂದ ಪತ್ರ. ಇಪ್ಪತ್ತೇಳು ವರ್ಷ ಕೌಂಟಿ ಆಡಳಿತದ ಕೆಲಸ ಮಾಡಿ ಒಂದು ಎಚ್ಚರಿಕೆಯ ಚೀಟಿಯನ್ನೂ ಪಡೆಯದ ಮನುಷ್ಯನಿಗೆ, ಮಗಳಿಂದ.

ಫೆಬ್ರವರಿ 15, ಶನಿವಾರ

ಹೋದೆ. ಎಷ್ಟು ಶನಿವಾರ ಅಂತ ಕೆಮ್ಮಿಸಲಿ ಮಗುವನ್ನು.

ಎಂದಿನಂತೆ ಹೆಂಗಸರದು ಮೊದಲು. ಹೆಲ್ಮಿಯನ್ನು ಅಪ್ಪನ ತೊಡೆಯ ಮೇಲೆ ಕೂರಿಸಿ ಅಮ್ಮ ನಾನು ಸೌನಾಕ್ಕೆ ಹೋದೆವು. ಕತ್ತಲೆ, ಬಿಸಿ, ಬರ್ಚ್ ಸೌದೆಯ ಹೊಗೆಯ ವಾಸನೆ. ಅಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ನಮ್ಮ ಮನೆಯ ಮುಖ್ಯ ಮಾತುಗಳೆಲ್ಲ ಅಲ್ಲೇ ಆಗುವುದು. ನನ್ನ ನೆರವಿನ ಅರ್ಜಿಯ ವಿಷಯ ಹೇಳಿದೆ. ಹೆಲ್ಮಿ ನನ್ನ ರಿಟರ್ನ್‌ನಲ್ಲಿ ಇರಬೇಕು, ಅಪ್ಪ ತಿದ್ದಿಕೊಂಡರೆ ಆಗುತ್ತದೆ ಅಂತ ಸಣ್ಣ ದನಿಯಲ್ಲಿ ಹೇಳಿದೆ.

ಅಮ್ಮ ಕಾದ ಕಲ್ಲಿನ ಮೇಲೆ ನೀರು ಹೊಯ್ದಳು. ಆಮೇಲೆ ನಿನ್ನ ಕೋಣೆ ಹಾಗೇ ಇದೆ, ಪರದೆ ಒಗೆದು ಹಾಕಿದ್ದೇನೆ, ಓದು ಮುಗಿಸಿ ಬಂದೇ ಬರುತ್ತಾಳೆ ಅಂತ ಎಲ್ಲರಿಗೂ ಹೇಳಿದ್ದೇನೆ ಅಂದಳು. ನೀನು ಅಲ್ಲಿ ನಾಯಿ ಕೂದಲಿನ ನಡುವೆ ಮಗು ಬೆಳೆಸುವುದನ್ನು ನಾನು ಸುಮ್ಮನೆ ನೋಡುತ್ತಿರುವುದು ಓದು ಮುಗಿಯುವವರೆಗೆ ಅಂತ ಮಾತ್ರ ಅಂದಳು. ಮತ್ತೆ, ಬೆನ್ನು ತಿಕ್ಕುತ್ತಾ, ತೀರಾ ಸಹಜವಾಗಿ:

"ನಾಳೆ ಹೆಚ್ಚುಕಮ್ಮಿ ಆಗಿ ಯಾರಾದ್ರೂ ಕೇಳಿದ್ರೂ ಒಳ್ಳೇದೇ ಆಯ್ತಲ್ಲ. ಮಗು ನಮ್ಮ ಹತ್ರಾನೇ ಇದೆ ಅಂತ ಸರ್ಕಾರದ ಲೆಕ್ಕದಲ್ಲೇ ಇದೆ."

ಯಾರು ಕೇಳುತ್ತಾರಮ್ಮ ಅಂದೆ.

"ಯಾರೂ ಕೇಳಲ್ಲ. ಮಾತಿಗೆ ಅಂದೆ. ತಿರುಗು, ಆ ಕಡೆ ತಿಕ್ತೀನಿ."

ಮಾತಿಗೆ ಅಂದದ್ದೋ, ಯೋಚಿಸಿ ಅಂದದ್ದೋ? ಅಮ್ಮನಿಗೇ ಗೊತ್ತಿಲ್ಲವೇನೋ. ಗೊತ್ತಿಲ್ಲದೆ ಅಂದ ಮಾತಿಗೇ ನನಗೆ ಹೆಚ್ಚು ಭಯ.

ಕಾಫಿಗೆ ಕೂತಾಗ ಅಮ್ಮನೇ ವಿಷಯ ತೆಗೆದಳು. ಅಪ್ಪ ಹೆಲ್ಮಿಗೆ ಬ್ರೆಡ್ಡಿನ ಮೆತ್ತಗಿನ ಭಾಗ ಚಿವುಟಿ ಚಿವುಟಿ ಕೊಡುತ್ತಿದ್ದರು. ತಲೆ ಎತ್ತಲಿಲ್ಲ.

"ಎಲ್ಲಿಗೆ ಹೋಗಿದ್ದೀಯ ನೀನು?" ಅಂದರು. "ಸರೋವರದ ರಸ್ತೆಗೆ. ನಾನು ಹಿಮ ಸರಿಸೋ ದಾರಿ ನಿನ್ನ ಮನೆ ದಾಟಿ ಇನ್ನೂ ಎರಡು ಮೈಲಿ ಹೋಗುತ್ತೆ. ನನ್ನ ದಾರಿಯೊಳಗೇ ಇದ್ದೀಯ. ಇದಕ್ಕೆ ಹೋಗೋದು ಅಂತಾರಾ?"

ಈನೊ ನಕ್ಕ. "ಕೆನಡಾಕ್ಕಾದ್ರೂ ಹೋಗಬೇಕಿತ್ತು ನೀನು. ಅಲ್ಲಿಗೆ ಅಪ್ಪನ ಲಾರಿ ಬಿಡಲ್ಲ."

ನಾನೂ ನಕ್ಕೆ. ನಕ್ಕು, ತಟ್ಟೆ ತೊಳೆದು, ಮಗುವಿಗೆ ಕೋಟು ಹಾಕಿ ಬಂದೆ. ಅಪ್ಪ ಕಾರಿನವರೆಗೆ ಬಂದು ಚಕ್ರ ಒದ್ದು ಗಾಳಿ ನೋಡಿ, ಕಾರಿನ ವಿಮೆ ಕಟ್ಟಿದ್ದೇನೆ, ಯೋಚನೆ ಬೇಡ ಅಂದರು. ನನ್ನ ಆರೋಗ್ಯ ವಿಮೆಯೂ ಅವರ ನೌಕರಿಯದೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ನನ್ನ ಮನೆಯ ಮುಂದೆ ಹಿಮ ಸರಿಸುವವರೂ ಅವರೇ. ನನ್ನ ಅಂಗಳದ ಬಾಯಿಗೆ ಬಂದಾಗ ಲಾರಿಯ ಮುಂದಿನ ಅಲಗು ಎತ್ತುತ್ತಾರೆ, ಅದರಿಂದ ಬೇರೆಯವರ ಮನೆ ಮುಂದೆ ಬೀಳುವ ಹಾಗೆ ನನ್ನ ಮನೆ ಮುಂದೆ ಹಿಮದ ಗೋಡೆ ಬೀಳುವುದಿಲ್ಲ. ಇಷ್ಟನ್ನೆಲ್ಲ ಉಂಡುಕೊಂಡು ನಾನು ನನ್ನ ಕಾಲ ಮೇಲೆ ನಿಂತಿದ್ದೇನೆ ಅಂತ ಯಾವ ಮುಖ ಇಟ್ಟುಕೊಂಡು ಬರೆಯಲಿ?

ಫೆಬ್ರವರಿ 20, ಗುರುವಾರ

ಭಯ. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ಫೆಬ್ರವರಿ 25, ಮಂಗಳವಾರ

ಡೋನಾ ಮೇಲೆ ಬಂದಳು, ಒದ್ದೆ ಏಪ್ರನ್ನಿನಲ್ಲೇ. ನಿನ್ನ ಮುಖ ನೋಡಿದರೆ ನನ್ನ ನಾಯಿಗಳಿಗೂ ಊಟ ಸೇರುವುದಿಲ್ಲ, ಏನಾಯಿತು ಹೇಳು ಅಂದಳು. ಹೇಳಿದೆ. ನಿಮ್ಮಪ್ಪ ಒಳ್ಳೆಯವರಪ್ಪ ಅಂದಳು. ನಾನು ಹೌದು ಅಂದೆ.

"ಒಳ್ಳೆಯವರಿಂದಲೇ ಬಿಡಿಸಿಕೊಳ್ಳೋದು ಕಷ್ಟ," ಅಂದಳು. "ನನ್ನ ಗಂಡ ಕೆಟ್ಟವನು, ಒಂದು ಮಧ್ಯಾಹ್ನ ಸಾಕಾಯ್ತು."

ಬಹಳ ದಿನದ ಮೇಲೆ ನಗು ಬಂತು. ಆಮೇಲೆ ಡೋನಾ ಸುಮ್ಮನೆ ಒಂದು ಮಾತು ಕೇಳಿದಳು: ಕೋರ್ಸ್ ಮುಗಿದ ಮೇಲೆ ಮನೆ ಖಾಲಿ ಮಾಡುತ್ತೀಯಾ? ಮಾಡುವುದಿದ್ದರೆ ಮೊದಲೇ ಹೇಳು, ಬಾಡಿಗೆಗೆ ಕೇಳುವವರಿದ್ದಾರೆ. ಇಲ್ಲ, ನಾನು ಇರುತ್ತೇನೆ, ಹೆಲ್ಮಿಗೆ ಹಿಂದಿನ ಸಣ್ಣ ಕೋಣೆಗೆ ಬಣ್ಣ ಹೊಡೆಯಬೇಕು ಅಂದೆ. ಯಾವ ಬಣ್ಣ ಅಂತ ಸ್ವಲ್ಪ ಹೊತ್ತು ಮಾತಾಡಿದೆವು. ಅವಳಿಗೆ ಹಳದಿ, ನನಗೆ ಹಸಿರು.

ಮಾಸ್ತರರಿಗೆ ಏನು ಉತ್ತರ ಕೊಡುವುದು ಅಂತ ಇನ್ನೂ ತಿಳಿಯುತ್ತಿಲ್ಲ.

ಮಾರ್ಚ್ 3, ಸೋಮವಾರ

ಅಜ್ಜಿಯ ಮಾತು ನಿಜವಾಯಿತು. ಹೆಲ್ಮಿಗೆ ಕೆಮ್ಮು ಬಂತು, ಸುಳ್ಳಿನದಲ್ಲ, ನಾಯಿ ಬೊಗಳಿದಂಥ ಕೆಮ್ಮು. ಮಧ್ಯಾಹ್ನ ಶಿಶುವಿಹಾರದವರು ಕರೆದರು. ಹೋಗಿ ನೋಡಿದರೆ ಮೈ ಕೆಂಡ, ಉಸಿರೆಳೆದರೆ ಪಕ್ಕೆಯೆಲುಬಿನ ನಡುವೆ ಚರ್ಮ ಒಳಗೆ ಹೋಗುತ್ತಿದೆ. ಇದನ್ನು ಪುಸ್ತಕದಲ್ಲಿ ಓದಿದ್ದೇನೆ. ಓದಿದ್ದು ಯಾವ ಪುಟದಲ್ಲಿ ಅಂತಲೂ ನೆನಪಾಯಿತು. ಆ ಪುಟದಲ್ಲಿ ಮುಂದೆ ಏನಿದೆ ಅಂತಲೂ.

ಕಾರು ಓಡಿಸಿದ್ದು ನೆನಪಿಲ್ಲ. ಹಿಮದ ಧೂಳಿನಲ್ಲಿ ಮುಂದಿನ ವಾಹನದ ಕೆಂಪು ದೀಪವೊಂದೇ ಕಾಣುತ್ತಿತ್ತು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳ ಎದೆ ನೋಡುತ್ತಿದ್ದೆ. ಏರಿತು. ಇಳಿಯಿತು. ಏರಿತು. ನಾನು ಕೆಲಸ ಮಾಡುವ ಆಸ್ಪತ್ರೆಯೇ, ಆದರೆ ತುರ್ತು ಚಿಕಿತ್ಸೆಯ ಬಾಗಿಲಿಂದ ಯಾವತ್ತೂ ಒಳಗೆ ಹೋಗಿರಲಿಲ್ಲ.

ಅವಳ ಮುಖಕ್ಕೆ ಔಷಧದ ಹಬೆ ಹಿಡಿದರು. ಒದ್ದಾಡಿದಳು, ಹಿಡಿದುಕೊಂಡೆ. ಅಷ್ಟರಲ್ಲಿ ಒಬ್ಬಳು ಬಂದು ಪ್ರಶ್ನೆ ಕೇಳಿ ಕೇಳಿ ಕಂಪ್ಯೂಟರಿಗೆ ತುಂಬಿಸಿದಳು. ಮಗುವಿನ ಜವಾಬ್ದಾರಿ ಯಾರದು? ನನ್ನದು. ಮನೆಯಲ್ಲಿ ಯಾರ್ಯಾರು ಇದ್ದೀರಿ? ನಾನು, ಇವಳು. ಬೇರೆ ದೊಡ್ಡವರು? ಇಲ್ಲ. ಇಲ್ಲಿ ಸಹಿ. ಇಲ್ಲೊಂದು.

ಸಂಜೆಯ ಹೊತ್ತಿಗೆ ಉಸಿರು ಸಡಿಲವಾಯಿತು. ಮನೆಗೆ ಕರೆದುಕೊಂಡು ಹೋಗಿ, ಮತ್ತೆ ಹಾಗಾದರೆ ತಕ್ಷಣ ಬನ್ನಿ ಅಂದರು. ತಣ್ಣನೆ ಗಾಳಿ ಒಳ್ಳೆಯದಂತೆ, ಕಿಟಕಿ ಚೂರು ತೆರೆದಿಟ್ಟು ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದೇನೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನನಗೇ ಓದಲಾಗುವುದಿಲ್ಲ.

ಮಾರ್ಚ್ 5, ಬುಧವಾರ

ಕೆಮ್ಮು ಇಳಿದಿದೆ. ಅಮ್ಮ ಫೋನ್ ಮಾಡಿದಾಗ ಹೇಳಿದೆ. ಆಸ್ಪತ್ರೆಗೆ ಹೋಗಿದ್ದಾ, ನಮಗೆ ಹೇಳಲೇ ಇಲ್ಲವಲ್ಲ ಅಂತ ಅಮ್ಮ ಬಹಳ ಹೊತ್ತು ಬೈದಳು. ಬೈಯಲಿ ಬಿಡು, ತಪ್ಪು ನನ್ನದೇ. ಹೇಳಬೇಕಿತ್ತು. ಆ ಹೊತ್ತಿಗೆ ನೆನಪೇ ಆಗಲಿಲ್ಲ.

ಮಾರ್ಚ್ 11, ಮಂಗಳವಾರ

ಲೈಬ್ರರಿಗೆ ಹೋಗಿ ಮುದ್ರಿಸಿಕೊಂಡು ಬಂದೆ. ವೆಂಡೆಲ್ ಮಾಸ್ತರರು ಏನೂ ಕೇಳಲಿಲ್ಲ. ಕೇಳಿ ಅಂತ ನಾನೇ ಅಂದೆ. ಕೇಳಿದರು. "ಪೂರ್ತಿಗೆ," ಅಂದೆ. ಪಕ್ಕದ ಮೇಜಿನ ಮುದುಕಿ ತಿರುಗಿ ನೋಡಿದಳು. ಇನ್ನು ಊರಿಗೆಲ್ಲ ಗೊತ್ತಾಗುತ್ತದೆ.

ಅಪ್ಪನಿಗೆ ಪತ್ರದಿಂದ ಗೊತ್ತಾಗಬಾರದು. ನಾನೇ ಹೇಳಬೇಕು. ಏನಾಗಬಹುದು? ಕೂಗುವುದಿಲ್ಲ. ಅಪ್ಪ ಯಾವತ್ತೂ ಕೂಗಿದವರಲ್ಲ. ಮಾತು ನಿಲ್ಲಿಸುತ್ತಾರೆ. ಚಿಕ್ಕಪ್ಪನ ಜೊತೆ ದೋಣಿಯ ವಿಷಯಕ್ಕೆ ನಿಲ್ಲಿಸಿದ ಮಾತನ್ನು ಅವರ ಹೆಣದ ಮುಂದೆಯೂ ಶುರು ಮಾಡಲಿಲ್ಲ. ನನ್ನ ಜೊತೆ ಹಾಗಾದರೆ? ಹೆಲ್ಮಿಯ ಜೊತೆ? ಅಥವಾ ಹಾಗಲ್ಲದೆ, ಅಮ್ಮ ಅಂದಳಲ್ಲ, ಯಾರಾದರೂ ಕೇಳಿದರೆ ಅಂತ. ನಾಯಿ ಕೂದಲು, ನವೆಂಬರಿನ ಮೂರು ದಿನ, ಆಸ್ಪತ್ರೆಗೆ ಹೋದದ್ದನ್ನೂ ಇವಳು ಮುಚ್ಚಿಟ್ಟಳು ಅಂತ ಎಲ್ಲ ಹೇಳಬಹುದು. ಶೆಲ್ಲಿಯ ಮೇಲೂ ಹೀಗೇ ಒಂದೊಂದಾಗಿ ಪೋಣಿಸಿದ್ದರು.

ಮಾರ್ಚ್ 15, ಶನಿವಾರ

ಹೇಳಿದೆ.

ಸೌನಾದಲ್ಲಿ ಅಲ್ಲ. ಅಪ್ಪ ಹೊರಗೆ ಸೌದೆ ಒಡೆಯುತ್ತಿದ್ದರು. ಬೆಳಕಿನಲ್ಲಿ, ಮುಖ ಕಾಣುವ ಹಾಗೆ ಹೇಳಬೇಕು ಅನ್ನಿಸಿತು. ಕಾಲನ್ನು ಹಿಮದಲ್ಲಿ ಆಳಕ್ಕೆ ಊರಿ ನಿಂತುಕೊಂಡೆ.

"ಅಪ್ಪ, ಸೋಮವಾರ ನನ್ನ ರಿಟರ್ನ್ ಅಂಚೆಗೆ ಹಾಕ್ತೀನಿ. ಹೆಲ್ಮಿನ ನನ್ನದರಲ್ಲಿ ತೋರ್ಸಿದೀನಿ. ನಿಮಗೆ ಇಲಾಖೆಯಿಂದ ಪತ್ರ ಬರುತ್ತೆ."

ಕೊಡಲಿ ಕೆಳಗಿಟ್ಟರು. ನಾನು ತಪ್ಪು ಬರೆದಿದ್ದೀನಾ ಅಂತ ಕೇಳಿದರು. ಅಪ್ಪ ನನ್ನನ್ನು ಹಾಗೆ ಕೇಳಿದ್ದು ಇದೇ ಮೊದಲು. ನಾನು ಓದು ಮುಗಿಸಿ ವಾಪಸ್ ಬರುವವಳಾದರೆ ನೀವು ಬರೆದದ್ದು ಸರಿ ಅಂದೆ.

"ಬರ್ತೀಯಲ್ಲ."

"ಇಲ್ಲ ಅಪ್ಪ. ನಾನು ವಾಪಸ್ ಬರಲ್ಲ."

ಅಪ್ಪ ಒಂದು ತುಂಡು ಎತ್ತಿಕೊಂಡು ಅದರ ಸಿಪ್ಪೆ ಉಜ್ಜಿದರು. ಉಜ್ಜುತ್ತಲೇ ಇದ್ದರು. ಆಮೇಲೆ ಅದನ್ನು ಇಟ್ಟು, ಮತ್ತೆ ಒಡೆಯಲು ಶುರು ಮಾಡಿದರು. ನಾನು ಒಳಗೆ ಹೋದೆ. ಕಾಫಿಗೆ ಅವರು ಬರಲಿಲ್ಲ. ಕಾರು ಹೊರಟಾಗ ಚಕ್ರ ನೋಡಲೂ ಬರಲಿಲ್ಲ.

ಅಮ್ಮ ಮಾತ್ರ ಕಿಟಕಿಯಲ್ಲಿ ನಿಂತಿದ್ದಳು. ನನ್ನನ್ನಲ್ಲ, ಮಗುವನ್ನು ನೋಡುತ್ತಾ.

ಮಾರ್ಚ್ 17, ಸೋಮವಾರ

ಹಾಕಿದೆ. ಅಂಚೆಯವಳು ಮೊಹರು ಒತ್ತಿ ಲಕೋಟೆಯನ್ನು ಹಿಂದಿನ ಬುಟ್ಟಿಗೆ ಎಸೆದಳು. ವಾಪಸ್ ಕೊಡಿ ಅಂತ ನಾಲಿಗೆ ತುದಿಗೆ ಬಂದಿತ್ತು.

ಮಾರ್ಚ್ 19, ಬುಧವಾರ

ವರ್ಷದ ಕೊನೆಯ ಹಿಮ ಅಂತಾರೆ, ಪ್ರತಿ ಸಲವೂ ಹಾಗೇ ಅಂತಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ಬಾಯಿಗೆ ಸೊಂಟದೆತ್ತರ ಹಿಮದ ಗೋಡೆ. ಅಪ್ಪ ಅಲಗು ಎತ್ತದೆ ಹೋಗಿದ್ದಾರೆ. ಎಲ್ಲರ ಮನೆ ಮುಂದೆ ಬಿದ್ದಂತೆ ನನ್ನ ಮನೆ ಮುಂದೆಯೂ.

ಶುರುವಾಯಿತು ಅಂದುಕೊಂಡೆ. ಮುಂದೆ ಕಾರಿನ ವಿಮೆ, ಆಮೇಲೆ ಆರೋಗ್ಯದ್ದು, ಆಮೇಲೆ ಕೋರ್ಟಿನಿಂದ ಯಾರೋ ಬಾಗಿಲು ತಟ್ಟುವುದು. ಡೋನಾಳ ಸಲಿಕೆ ತಂದು, ಹೆಲ್ಮಿಯನ್ನು ಬೆನ್ನಿಗೆ ಕಟ್ಟಿಕೊಂಡು ಎತ್ತಿ ಹಾಕತೊಡಗಿದೆ. ರಸ್ತೆಯ ಹಿಮ ಒತ್ತಿ ಒತ್ತಿ ಕಲ್ಲಾಗಿತ್ತು. ಲ್ಯಾಬಿಗೆ ತಡವಾಯಿತು, ಬೈಸಿಕೊಂಡೆ.

ಮಾರ್ಚ್ 20, ಗುರುವಾರ

ಇವತ್ತೂ ಬಿತ್ತು. ಬೇಗ ಎದ್ದು ಲಾರಿ ಬರುವ ಮೊದಲೇ ಅರ್ಧ ಎತ್ತಿದ್ದೆ. ಹಾಗೆ ಮಾಡಬಾರದು, ಅವರು ಹೋದ ಮೇಲೆ ಎತ್ತಬೇಕು, ಇಲ್ಲದಿದ್ದರೆ ಎರಡು ಸಲ ದುಡಿಮೆ. ನಾಳೆಯಿಂದ ಅಲಾರಂ ಬದಲಿಸಿ ಇಡಬೇಕು. ಎತ್ತುತ್ತಿದ್ದಾಗ ಲಾರಿ ಬಂತು, ಹೋಯಿತು. ಕೈ ಬೀಸಿದೆ. ಹೆಲ್ಮಿ ಬೆನ್ನ ಮೇಲಿಂದ ಲಾರಿಗೆ ನಾಯಿಗಳ ಹಾಗೆ ಬೊಗಳಿದಳು. ಉಳಿದರ್ಧ ಎತ್ತಿ, ಲ್ಯಾಬಿಗೆ ಸರಿಯಾದ ಹೊತ್ತಿಗೆ ತಲುಪಿದೆ.

ಹಿಂದಿನ ಕೋಣೆಗೆ ಹಸಿರೇ ಸರಿ. ಡೋನಾ ಒಪ್ಪಿದಳು.

ಮಾರ್ಚ್ 22, ಶನಿವಾರ

ಅಮ್ಮನ ಫೋನ್. ಎರಡು ದಿನದಿಂದ ನಿಮ್ಮಪ್ಪ ಸರಿಯಾಗಿ ಉಂಡಿಲ್ಲ ಅಂದಳು. ನಾನೇನು ಮಾಡಿದೆ ಅಂದೆ.

"ನೀನು ಕೈ ಬೀಸಿದೆಯಂತೆ."

ಹೌದು, ಬೀಸಿದೆ, ಅದರಲ್ಲೇನಿದೆ ಅಂದೆ.

"ಯಾರೋ ಡ್ರೈವರ್‌ಗೆ ಬೀಸೋ ಹಾಗೆ ಬೀಸಿದಳು ಅಂತಾರೆ. ನಿಲ್ಸಿ ಅಂತ ಅಲ್ಲ, ಯಾಕೆ ಹೀಗೆ ಮಾಡಿದ್ರಿ ಅಂತ ಅಲ್ಲ. ಊರವರೆಲ್ಲ ಲಾರಿಗೆ ಬೀಸ್ತಾರಲ್ಲ, ಹಾಗೆ. ಬೀಸಿ ತನ್ನ ಕೆಲಸ ತಾನು ಮಾಡ್ಕೊಂಡ್ಳು ಅಂತಾರೆ. ಇದನ್ನೇ ಹೇಳ್ತಾರೆ, ಕೂತ್ರೆ, ನಿಂತ್ರೆ."

ನಾನ್ಯಾವ ಅರ್ಥದಲ್ಲೂ ಬೀಸಿರಲಿಲ್ಲ. ಲಾರಿ ಬಂತು, ಬೀಸಿದೆ. ಅದನ್ನೇ ಹೇಳಿದೆ. ನಾಳೆ ಬಾ, ಮಗೂನ ಕರ್ಕೊಂಡು ಬಾ ಅಂದಳು. ಅಮ್ಮ, ಶೆಲ್ಲಿಯ ಹಾಗೆ ಏನಾದರೂ ಯೋಚಿಸಿದ್ದೀರಾ ಅಂತ ಕೇಳಿಯೇಬಿಟ್ಟೆ. ಇಷ್ಟು ದಿನ ಕೇಳದೆ ಉಳಿದಿದ್ದ ಮಾತು.

ಅಮ್ಮ ಅಳುತ್ತಿದ್ದಳು ಅನ್ನಿಸುತ್ತದೆ. ಯೋಚಿಸಿದ್ದಳು ಅಂತ ಅದರ ಅರ್ಥವೋ, ಯೋಚಿಸಿರಲಿಲ್ಲ ಅಂತಲೋ?

ಆದರೂ ಹೋಗುತ್ತೇನೆ. ಮಗುವನ್ನು ಕರೆದುಕೊಂಡೇ. ಕರೆದುಕೊಂಡು ವಾಪಸ್ಸೂ ಬರುತ್ತೇನೆ.

ಮಾರ್ಚ್ 23, ಭಾನುವಾರ

ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇತ್ತು. ಅಪ್ಪ ಅಮ್ಮ ಬಿಟ್ಟರೆ ಯಾರೂ ಇರಲಿಲ್ಲ, ಈನೊ ಕೂಡ. ಅಪ್ಪ ಅಂಗಿಯ ತೋಳು ಮಡಚಿ ಕೂತಿದ್ದರು. ಬಾ ಅನ್ನಲಿಲ್ಲ. ಪಕ್ಕದ ಕುರ್ಚಿಯನ್ನು ಕಾಲಿಂದ ಸರಿಸಿದರು. ಕೂತೆ. ಹೆಲ್ಮಿ ನನ್ನ ತೊಡೆಯ ಮೇಲಿದ್ದಳು. ಅವಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ, ಅವಳು ಕಿರುಚಿದಾಗಲೇ ಗೊತ್ತಾದದ್ದು.

ತಿದ್ದುಪಡಿ ಅನ್ನುವ ಜಾಗವನ್ನು ಅಪ್ಪ ಹುಡುಕಿಟ್ಟಿದ್ದರು. ಪರದೆಯ ಮೇಲೆ ಅವಲಂಬಿತರು ಅಂತ ಇತ್ತು, ಕೆಳಗೆ ನನ್ನ ಹೆಸರು, ಅದರ ಕೆಳಗೆ ಅವಳದು. ಅಪ್ಪ ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಸೇರ್ಸೋದು ಗೊತ್ತು," ಅಂದರು. "ತೆಗೆಯೋದು ಎಲ್ಲಿ ಅಂತ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಯಾರನ್ನೂ ತೆಗೆದಿಲ್ಲ ನಾನು."

ತೋರಿಸಿದೆ. ಹೆಸರಿನ ಬಲಕ್ಕೆ ಒಂದು ಸಣ್ಣ ಗುರುತು. ಅಪ್ಪ ಬೆರಳು ಎತ್ತಿ, ಹಾಗೇ ಹಿಡಿದರು. ನೀನೇ ಒತ್ತಿಬಿಡು ಅಂದರು. ನನ್ನ ಕೈ ಅರ್ಧ ಮೇಲೆದ್ದಿತ್ತು. ಎಷ್ಟು ಸುಲಭವಿತ್ತು. ಒತ್ತಿ, ಥ್ಯಾಂಕ್ಸ್ ಅಪ್ಪ ಅಂದು, ಕಾಫಿ ಕುಡಿಯಬಹುದಿತ್ತು.

"ನೀವೇ ಒತ್ತಬೇಕು ಅಪ್ಪ," ಅಂದೆ. "ರಿಟರ್ನ್ ನಿಮ್ಮದು."

ಮೊದಲು ನನ್ನದನ್ನು ಒತ್ತಿದರು, ಬೇಗ, ಹಲ್ಲು ಕೀಳುವವರ ಹಾಗೆ. ಹೆಲ್ಮಿಯ ಹೆಸರಿನ ಮುಂದೆ ಬಹಳ ಹೊತ್ತು ಕೂತರು. ಇದನ್ನು ಟೈಪ್ ಮಾಡಿದ ದಿನ ಖುಷಿಯಾಗಿತ್ತು ಅಂದರು. ನನಗಲ್ಲ, ಪರದೆಗೆ ಹೇಳುವ ಹಾಗೆ. ಒತ್ತಿದರು. ಆ ಕೆಳಗಿನ ಜಾಗವೆಲ್ಲ ಬಿಳಿಯಾಯಿತು. ಪರದೆ ಇನ್ನೊಂದು ಪ್ರಶ್ನೆ ಕೇಳಿತು, ಅಪ್ಪ ಅದನ್ನು ಜೋರಾಗಿ ಓದಿದರು.

"ಮನೆಯಲ್ಲಿ ಒಟ್ಟು ಎಷ್ಟು ಜನ?" ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ, "ಎಷ್ಟು ಅಂತ ಹಾಕ್ಲಿ?"

ಅಮ್ಮ ನಲ್ಲಿ ನಿಲ್ಲಿಸಿದಳು. ಅಪ್ಪನ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ. ಅದೇನೆಂದು ನನಗೆ ಚೆನ್ನಾಗಿ ಗೊತ್ತು, ಈ ಎರಡು ತಿಂಗಳು ಕನ್ನಡಿಯಲ್ಲಿ ನೋಡಿದ್ದೇನೆ.

"ಇಬ್ಬರು," ಅಂದೆ.

ಹಾಕಿದರು.

ಹೆಲ್ಮಿ ಅಮ್ಮನ ಕಡೆ ಕೈ ಚಾಚಿದಳು, ಕೊಟ್ಟೆ. ಊಟ ಮುಗಿಸಿ ಬೆಳಕಿರುವಾಗಲೇ ಹೊರಟೆವು. ದಾರಿಯಲ್ಲಿ ಮತ್ತೆ ಹೆದರಿಕೆಯಾಯಿತು, ಇದು ಬೇರೆ ಥರದ್ದು. ಈಗ ಕಾರು ಜಾರಿದರೆ, ಇವಳಿಗೆ ಮತ್ತೆ ಆ ಕೆಮ್ಮು ಬಂದರೆ, ನಾನು ಮತ್ತೆ ಹಾಸಿಗೆ ಬಿಟ್ಟು ಏಳದೆ ಹೋದರೆ, ಲೆಕ್ಕದಲ್ಲಿ ಇವಳಿಗಿರುವುದು ನಾನೊಬ್ಬಳೇ. ತಿರುವಿನಲ್ಲಿ ನಿಧಾನ ಮಾಡಿದೆ. ಹಿಂದೆ ಅವಳು ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು.

ಅವರ ಮನೆಯಲ್ಲಿ ಇಬ್ಬರು. ನಮ್ಮ ಮನೆಯಲ್ಲೂ ಇಬ್ಬರು.